ಹಿತು ಕಲಿತ ಒಂದು ಮಾತು

ನನ್ನ ತಮ್ಮನ ಮಗ ಹಿತೇಶನಿಗೆ ನಾಲ್ಕೂವರೆ ವರ್ಷವಾದಾಗ ಒಂದು ಮಾತು ಬಂತು. ಒಂದೇ ಒಂದು. "ಬನ್." ಅಮ್ಮ ಅಲ್ಲ, ಅಪ್ಪ ಅಲ್ಲ, ಅತ್ತೆಯಂತೂ ಅವನ ಲೆಕ್ಕದಲ್ಲೇ ಇರಲಿಲ್ಲ. ಬನ್ಸ್ ಬೇಕು ಅನ್ನುವುದಕ್ಕೆ ಬನ್. ನಮ್ಮ ಉಡುಪಿ ಕಡೆ ಬಾಳೆಹಣ್ಣು ಕಿವುಚಿ, ಸಕ್ಕರೆ, ಮೊಸರು, ಮೈದಾ ಕಲಸಿಟ್ಟು ಮರುದಿನ ಪೂರಿಯ ಹಾಗೆ ಕರಿಯುತ್ತಾರಲ್ಲ, ಆ ಬನ್ಸ್. ಕರಿಯುತ್ತಿದ್ದವಳು ನಾನು, ರಮಾಮಣಿ. ಗಂಡ ಹೋದ ಮೇಲೆ ಡೊಂಬಿವಲಿಯ ಮನೆಗೆ ಬೀಗ ಹಾಕಿ ನವಿ ಮುಂಬಯಿಯ ನೆರೂಳಿನಲ್ಲಿ ತಮ್ಮನ ಮನೆ ಸೇರಿದವಳು. ನಾಲಗೆ ಸ್ವಲ್ಪ ಉದ್ದ ಎಂದು ನನಗೆ ಹೆಸರುಂಟು. ಉದ್ದವಿದ್ದೂ ಅದರಿಂದ ಯಾರಿಗೂ ಏನೂ ಪ್ರಯೋಜನವಾಗಲಿಲ್ಲ.

ಹಿತುವಿಗೆ ಆಟಿಸಂ ಎಂದು ಗೊತ್ತಾದದ್ದು ಮೂರು ವರ್ಷಕ್ಕೆ. ಅದಕ್ಕೂ ಮೊದಲು ನಾವೆಲ್ಲ ಸೇರಿ ಏನೇನೋ ಹೇಳಿಕೊಂಡಿದ್ದೆವು. ಗಂಡುಮಕ್ಕಳು ಮಾತಾಡುವುದು ತಡ, ಅವರಪ್ಪನೂ ಹಾಗೇ ಇದ್ದ, ಮನೆಯಲ್ಲಿ ತುಳು, ಕೆಳಗೆ ಮರಾಠಿ, ಟೀವಿಯಲ್ಲಿ ಹಿಂದಿ, ಮಗುವಿಗೆ ಗಲಿಬಿಲಿ ಆಗಿದೆ ಅಂತೆಲ್ಲ. ವಾಶಿಯಲ್ಲಿ ಮಾತು ಕಲಿಸುವ ಜಯಶೀಲ ಎಂಬ ಹುಡುಗಿ ಮೊದಲು ಹೇಳಿದ್ದೇ ಮನೆಯಲ್ಲಿ ಒಂದೇ ಭಾಷೆ ಆಡಿ ಎಂದು. ಹಿತುವಿನ ಅಮ್ಮ ಅಶ್ಮಿತಾ ಕುಂದಾಪುರದವಳು, ತುಳು ಬಾರದವಳು. ಹಾಗಾಗಿ ಎಲ್ಲರೂ ಕನ್ನಡಕ್ಕೆ ಬಂದೆವು.

"ಅವನಿಗೆ ಯಾವ್ದು ಎಲ್ಲಕ್ಕಿಂತ ಇಷ್ಟ?" ಎಂದು ಜಯಶೀಲ ಕೇಳಿದಳು. ಬನ್ಸ್ ಎಂದೆ. "ಹಾಗಾದ್ರೆ ಅದನ್ನು ಸುಮ್ಮನೆ ಕೊಡ್ಬೇಡಿ ಆಂಟಿ. ನಿಮ್ಮ ಬಾಯಿಯ ಹತ್ರ ಹಿಡ್ಕೊಂಡು ಬನ್ ಅನ್ನಿ. ಅವನು ಏನಾದ್ರೂ ಒಂದು ಸದ್ದು ಮಾಡಿದ್ರೆ ತಕ್ಷಣ ಕೊಡಿ. ಕೇಳಿದ್ರೆ ಸಿಗ್ತದೆ ಅಂತ ಅವನಿಗೆ ಗೊತ್ತಾಗ್ಬೇಕು. ಮಾತು ಅಂದ್ರೆ ಅಷ್ಟೇ."

ಹೇಳುವುದು ಸುಲಭ. ಹಸಿದ ಮಗುವಿನ ಎದುರು ಬನ್ಸ್ ಹಿಡಿದು ಬನ್, ಬನ್ ಎನ್ನುತ್ತಾ ಕೂರುವುದು ಎಂಥ ಹಿಂಸೆ ಎಂದು ಕೂತವರಿಗೇ ಗೊತ್ತು. ಅವನು ನನ್ನ ಮುಖ ನೋಡುತ್ತಿರಲಿಲ್ಲ, ಬನ್ಸನ್ನೇ ನೋಡುತ್ತಿದ್ದ. ಕೈಗೆ ಸಿಗದಿದ್ದರೆ ನೆಲಕ್ಕೆ ಕೆನ್ನೆ ಒತ್ತಿ ಮಲಗಿಬಿಡುತ್ತಿದ್ದ. ತಿಂಗಳುಗಟ್ಟಲೆ ಹೀಗೇ ನಡೆಯಿತು. ಮೊದಲು ತುಟಿ ಮುಚ್ಚಿದ, ಆಮೇಲೆ ಬರೀ "ಬ" ಅಂದ. ಕೊನೆಗೆ ಒಂದು ಭಾನುವಾರ ನನ್ನ ಸೆರಗು ಎಳೆದು, ಡಬ್ಬದ ಕಡೆ ನೋಡಿ, ಸ್ಪಷ್ಟವಾಗಿ "ಬನ್" ಎಂದ. ಅಶ್ಮಿತಾ ಲಟ್ಟಣಿಗೆ ಕೈಲಿ ಹಿಡಿದುಕೊಂಡೇ ಅತ್ತಳು. ತಮ್ಮ ತಾರಾನಾಥ ಕೆಳಗೆ ಹೋಗಿ ಸೊಸೈಟಿಯ ವಾಚ್‌ಮನ್‌ಗೆ ಪೇಡೆ ಕೊಟ್ಟು ಬಂದ. ಹಿತು ಕೇಳುತ್ತಲೇ ಹೋದ, ನಾವು ಕೊಡುತ್ತಲೇ ಹೋದೆವು. ಸಂಜೆ ಎಲ್ಲವನ್ನೂ ಸೋಫಾದ ಮೇಲೆ ವಾಂತಿ ಮಾಡಿದ. ಅಷ್ಟು ಸಂತೋಷದಿಂದ ನಾನು ಯಾವ ವಾಂತಿಯನ್ನೂ ಒರೆಸಿದವಳಲ್ಲ.

ಆ ಒಂದು ಮಾತನ್ನು ಕಾಪಾಡಿಕೊಂಡಿದ್ದರೆ ಸಾಕಿತ್ತು ನಮಗೆ. ಅದರ ಹಿಂದೆ "ನೀರು" ಬರುತ್ತಿತ್ತೋ, "ಅಮ್ಮ" ಬರುತ್ತಿತ್ತೋ ಯಾರಿಗೆ ಗೊತ್ತು.

ತಾರಾನಾಥ ಬೇಲಾಪುರದಲ್ಲಿ ಹಡಗಿನ ಸರಕು ಬಿಡಿಸಿಕೊಡುವ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ. ದಿನವಿಡೀ ಕಂಪ್ಯೂಟರ್ ಮುಂದೆ. ಮಧ್ಯಾಹ್ನ ಊಟದ ಹೊತ್ತಿಗೆ ಇಂಟರ್ನೆಟ್ ಓದುವ ಚಾಳಿ ಹತ್ತಿಸಿಕೊಂಡ. ಅಮೆರಿಕದ ಯಾವನೋ ಅಪ್ಪ, ಕೆನಡಾದ ಯಾವಳೋ ಅಮ್ಮ ಬರೆದದ್ದನ್ನೆಲ್ಲ ಆಫೀಸಿನ ಪ್ರಿಂಟರಿನಲ್ಲಿ ತೆಗೆದು ಮನೆಗೆ ತರುತ್ತಿದ್ದ. ಇಂಜೆಕ್ಷನ್ನಿನಲ್ಲಿ ಪಾದರಸ ಇರುತ್ತದಂತೆ, ಅದು ಮಗುವಿನ ಮೆದುಳಿಗೆ ಹೋಗಿ ಕೂರುತ್ತದಂತೆ. ನನ್ನ ತಮ್ಮ ದಡ್ಡನಲ್ಲ. ಆದರೆ ಎರಡು ವರ್ಷದಿಂದ "ಯಾಕೆ" ಎಂದು ಕೇಳುತ್ತಿದ್ದವನಿಗೆ ಮೊದಲ ಸಲ ಯಾರೋ "ಇದಕ್ಕೆ" ಎಂದಿದ್ದರು. ಅದನ್ನು ಅವನು ಬಿಡುವ ಹಾಗಿರಲಿಲ್ಲ.

ಹಿತುವಿಗೆ ಹದಿನೈದು ತಿಂಗಳಾದಾಗ ದಡಾರ, ಮಂಗನಬಾವು ಬಾರದಿರಲೆಂದು ಕೊಡುವ ಎಂಎಂಆರ್ ಇಂಜೆಕ್ಷನ್ ಹಾಕಿಸಲು ಕರೆದುಕೊಂಡು ಹೋದವಳು ಅಶ್ಮಿತಾ. ಅವತ್ತು ಮಗುವಿಗೆ ಸ್ವಲ್ಪ ಶೀತ ಇತ್ತು, ಮುಂದಿನ ವಾರ ಹೋಗು ಎಂದು ತಾರಾನಾಥ ಹೇಳಿದ್ದನಂತೆ. ಅವಳು ಅವತ್ತೇ ಹೋದಳು. ಮನೆಯಲ್ಲಿ ಯಾರಿಗೂ ನೆನಪಿರದಿದ್ದ ಈ ಶೀತ, ಪ್ರಿಂಟ್‌ಔಟ್ ಬಂದ ಮೇಲೆ ದಿನಾ ನೆನಪಾಗತೊಡಗಿತು. ಉಪ್ಪು ಜಾಸ್ತಿಯಾದರೂ ಮಾತು ಸುತ್ತಿ ಅಲ್ಲಿಗೇ ಬರುತ್ತಿತ್ತು. "ನಾನು ಬೇಡ ಅಂದಿದ್ದೆ. ನೀನು ಕರ್ಕೊಂಡು ಹೋದದ್ದು." ಅವಳು ಮೊದಮೊದಲು ಜಗಳವಾಡಿದಳು. ಆಮೇಲೆ ಸುಮ್ಮನಾದಳು. ಸುಮ್ಮನಾದದ್ದು ತನ್ನಿಂದಲೇ ಆಯಿತೆಂದು ನಂಬಿದ್ದಕ್ಕೆ ಎಂದು ನನಗೆ ತಡವಾಗಿ ತಿಳಿಯಿತು.

ಇಂಜೆಕ್ಷನ್ ಕೊಟ್ಟ ಡಾಕ್ಟರ್ ದೇವದಾಸ್ ನಮ್ಮ ಸೆಕ್ಟರಿನವರೇ, ಮಂಗಳೂರಿನವರು. ನಾನೇ ಹಟ ಹಿಡಿದು ತಾರಾನಾಥನನ್ನು ಅವರ ಹತ್ತಿರ ಕರೆದುಕೊಂಡು ಹೋದೆ. ಅವರು ಪಾಪ, ಹೊರಗೆ ಪೇಷಂಟುಗಳು ಕಾಯುತ್ತಿದ್ದರೂ ಪ್ರಿಂಟ್‌ಔಟುಗಳನ್ನೆಲ್ಲ ಓದಿದರು.

"ತಾರಾನಾಥ್, ಈ ಇಂಜೆಕ್ಷನ್ನಿನಲ್ಲಿ ಪಾದರಸ ಯಾವತ್ತೂ ಇರ್ಲೇ ಇಲ್ಲ. ಬೇರೆ ಕೆಲವು ಲಸಿಕೆಗೆ ಕೆಡದ ಹಾಗೆ ಒಂದು ಚೂರು ಹಾಕ್ತಾರೆ, ಅದು ಬೇರೆ ನಮೂನೆಯದ್ದು, ಮೈಯಲ್ಲಿ ಉಳಿಯುದಿಲ್ಲ. ಲಕ್ಷಗಟ್ಟಲೆ ಮಕ್ಕಳನ್ನು ನೋಡಿದ್ದಾರೆ, ಸಂಬಂಧ ಕಾಣ್ಲಿಲ್ಲ. ಇದು ಗೊತ್ತಾಗುವ ಪ್ರಾಯವೂ ಇಂಜೆಕ್ಷನ್ ಕೊಡುವ ಪ್ರಾಯವೂ ಹತ್ತಿರ ಹತ್ತಿರ, ಅಷ್ಟೇ."

"ಮತ್ತೆ ಎಂತದರಿಂದ ಬಂತು, ಅದನ್ನು ಹೇಳಿ."

"ಹುಟ್ಟುವ ಮೊದಲೇ ಶುರುವಾಗಿರ್ತದೆ ಅಂತ ಕಾಣ್ತದೆ. ಇಂಥದ್ದರಿಂದಲೇ ಅಂತ ಬೆರಳು ತೋರಿಸ್ಲಿಕ್ಕೆ ಯಾರಿಂದಲೂ ಆಗುದಿಲ್ಲ."

"ಕೊಟ್ಟವರು ನೀವಲ್ವಾ ಡಾಕ್ಟ್ರೆ, ನೀವು ಇನ್ನೆಂತ ಹೇಳ್ತೀರಿ" ಎಂದು ತಾರಾನಾಥ ಎದ್ದ. ನನಗೆ ನಾಚಿಕೆಯಾಯಿತು. ದೇವದಾಸರು ಬೇಸರ ಮಾಡಿಕೊಳ್ಳದೆ ಪ್ರಿಂಟ್‌ಔಟುಗಳನ್ನು ಜೋಡಿಸಿ ಅವನ ಕೈಗೆ ಕೊಟ್ಟರು.

ಆ ಮಳೆಗಾಲದಲ್ಲೇ ವಾಶಿಯ ಒಂದು ಹಾಲ್‌ನಲ್ಲಿ ಇಂಥ ಮಕ್ಕಳ ಅಪ್ಪ ಅಮ್ಮಂದಿರಿಗೆಂದು ಶಿಬಿರ ನಡೆಯಿತು. ತಾರಾನಾಥ ಹೋಗಿ ಮುಖ ಅರಳಿಸಿಕೊಂಡು ಬಂದ. ವಿಷ ತೆಗೆಯಲು ದಿನಕ್ಕೆರಡು ಸಲ ಹನಿಗಳು, ಜೊತೆಗೆ ಪಥ್ಯ. ಗೋಧಿ ಇಲ್ಲ, ಮೈದಾ ಇಲ್ಲ, ಹಾಲಿಲ್ಲ, ಮೊಸರಿಲ್ಲ.

"ಮೈದಾ ಇಲ್ಲದೆ ಬನ್ಸ್ ಹೇಗೆ ಮಾಡುದು ಮಾರಾಯ?" ಎಂದೆ.

"ಬನ್ಸೇ ಬೇಡ ಅಕ್ಕ. ಮೊದ್ಲು ಅದನ್ನೇ ನಿಲ್ಲಿಸ್ಬೇಕಂತೆ. ಯಾವುದಕ್ಕೆ ಹಟ ಮಾಡ್ತಾರೋ ಅದೇ ವಿಷವಂತೆ."

"ಅವನಿಗೆ ಇರುದು ಅದೊಂದೇ ಮಾತು, ತಾರಾ."

"ವಿಷ ಹೋದ್ರೆ ನೂರು ಮಾತು ಬರ್ತದೆ."

ನಾನು ಅಶ್ಮಿತಾಳ ಮುಖ ನೋಡಿದೆ. ಅವಳು ಮೊಸರಿನ ಪಾತ್ರೆಯನ್ನು ಎತ್ತಿ ಪಕ್ಕದ ಮನೆಗೆ ಕೊಡಲು ಹೊರಟಳು. ಅವಳು ಏನು ಹೇಳಿದರೂ ಉತ್ತರ ಏನು ಬರುತ್ತದೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನನ್ನ ಮನೆಯಾಗಿದ್ದರೆ ನಾನು ಕರಿದೇ ಕರಿಯುತ್ತಿದ್ದೆ. ತಮ್ಮನ ಮನೆ, ತಮ್ಮನ ಮಗ. ನಾನು ಬಾಣಲೆಯನ್ನು ಮೇಲಿಟ್ಟೆ.

ಮೊದಲ ದಿನ ಹಿತು ಬಂದು ಸೆರಗು ಎಳೆದು "ಬನ್" ಎಂದ. ಇಲ್ಲ ಎಂದೆ. ಇಲ್ಲ ಅನ್ನುವುದು ಅವನಿಗೆ ನಾವು ಕಲಿಸದ ಪಾಠ. ಕೇಳಿದರೆ ಸಿಗುತ್ತದೆ ಎಂದಷ್ಟೇ ಕಲಿಸಿದ್ದೆವು. ಸರಿಯಾಗಿ ಹೇಳಲಿಲ್ಲವೇನೋ ಎಂದುಕೊಂಡವನ ಹಾಗೆ ಮತ್ತೆ ತುಟಿ ಬಿಗಿದು ಹೇಳಿದ. ಇನ್ನೂ ಜೋರಾಗಿ ಹೇಳಿದ. ಎಂದೂ ನನ್ನ ಮುಖ ನೋಡದವನು ಅವತ್ತು ನೋಡಿದ. ಅಕ್ಕಿಹಿಟ್ಟಿಗೆ ಬಾಳೆಹಣ್ಣು ಹಾಕಿ ಏನೋ ಒಂದು ಮಾಡಿಕೊಟ್ಟೆ. ಕಚ್ಚಿ, ಬಾಯಿಂದ ತೆಗೆದು, ನನ್ನ ಕೈಯಲ್ಲಿಟ್ಟ. ಆಮೇಲೆ ಗೋಡೆಗೆ ತಲೆ ಬಡಿದುಕೊಳ್ಳತೊಡಗಿದ. ಅಶ್ಮಿತಾ ತನ್ನ ಅಂಗೈಯನ್ನು ಅವನ ಹಣೆಗೂ ಗೋಡೆಗೂ ನಡುವೆ ಇಟ್ಟುಕೊಂಡು ನಿಂತಳು.

ನವರಾತ್ರಿಯವರೆಗೂ ಕೇಳುತ್ತಿದ್ದ. ಬರಬರುತ್ತಾ ದಿನಕ್ಕೊಮ್ಮೆ, ಆಮೇಲೆ ಯಾವಾಗಲೋ ಒಮ್ಮೆ. ದೀಪಾವಳಿಯ ಹೊತ್ತಿಗೆ ಅಡುಗೆಮನೆಗೆ ಬರುವುದನ್ನೇ ಬಿಟ್ಟ. ಕೊಟ್ಟ ಅನ್ನ ತಿನ್ನುತ್ತಿದ್ದ, ಕೊಡದಿದ್ದರೆ ಇಲ್ಲ. "ನೋಡು ಅಕ್ಕ, ಎಷ್ಟು ಶಾಂತ ಆದ" ಎಂದು ತಾರಾನಾಥ ಹಿಗ್ಗಿದ. ಶಿಬಿರದವರಿಗೆ ಫೋನ್ ಮಾಡಿ ಹೇಳಿದ. ಅವರೂ ಹಿಗ್ಗಿದರಂತೆ.

ನಾನು ಒಬ್ಬಳೇ ಲೋಕಲ್ ಹತ್ತಿ ಜಯಶೀಲಳ ಹತ್ತಿರ ಹೋದೆ. ನಡೆದದ್ದನ್ನೆಲ್ಲ ಕೇಳಿ ಅವಳ ಮುಖ ಸಣ್ಣದಾಯಿತು.

"ಪಥ್ಯದಿಂದಲೇ ಮಾತು ಹೋದದ್ದಲ್ವಾ?" ಎಂದೆ.

"ಹಾಗಂತ ಹೇಗೆ ಹೇಳುದು ಆಂಟಿ. ಬನ್ಸ್ ನಿಲ್ಲಿಸಿದ್ದು ಒಳ್ಳೇದಾಗ್ಲಿಲ್ಲ. ಆದ್ರೆ ಕೆಲವು ಮಕ್ಕಳಲ್ಲಿ ಬಂದ ಮಾತು ತಾನಾಗಿಯೂ ಹೋಗ್ತದೆ."

ನನಗೆ ಅವಳ ಮೇಲೆ ಕೆಟ್ಟ ಸಿಟ್ಟು ಬಂತು. ಅವಳ ಬಾಯಿಂದ ನನಗೆ ತಮ್ಮನ ಹೆಸರು ಬೇಕಿತ್ತು. ಅದನ್ನು ಮನೆಗೆ ತಂದು ಅವನ ಮುಖಕ್ಕೆ ಎಸೆಯಬೇಕೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡಿದ್ದೆ. ವಾಪಸು ಬರುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ನಾನು ತಾರಾನಾಥನ ಅಕ್ಕನೇ ಸರಿ.

ಫೆಬ್ರವರಿಯಲ್ಲಿ ಪೇಪರಿನಲ್ಲಿ ಒಂದು ಸುದ್ದಿ ಬಂತು. ಎಂಎಂಆರ್ ಇಂಜೆಕ್ಷನ್ನಿಗೂ ಆಟಿಸಂಗೂ ಸಂಬಂಧ ಇರಬಹುದೆಂದು ಹನ್ನೆರಡು ವರ್ಷದ ಹಿಂದೆ ಮೊದಲು ಅಚ್ಚು ಹಾಕಿದ್ದ ಇಂಗ್ಲೆಂಡಿನ ವೈದ್ಯಕೀಯ ಪತ್ರಿಕೆಯೇ ಆ ಲೇಖನವನ್ನು ಹಿಂತೆಗೆದುಕೊಂಡಿತ್ತು. ತಾರಾನಾಥ ತಿಂಡಿ ಬಿಟ್ಟು ಅದನ್ನು ಓದಿದ, ಮತ್ತೆ ಓದಿದ. ಜಗಳಕ್ಕೆ ಬರುತ್ತಾನೆ, ಇದೆಲ್ಲ ಔಷಧಿ ಕಂಪನಿಯವರ ಕೆಲಸ ಅನ್ನುತ್ತಾನೆ ಎಂದು ಕಾದೆ. ಅವನು ಆಫೀಸಿಗೆ ಹೋಗಲಿಲ್ಲ. ಮಧ್ಯಾಹ್ನದವರೆಗೂ ಕೋಣೆಯಲ್ಲಿ ಕೂತಿದ್ದು, ಕೆಳಗೆ ಹೋಗಿ ಬಾಳೆಹಣ್ಣು, ಮೈದಾ, ಮೊಸರು ತಂದು ನನ್ನ ಮುಂದಿಟ್ಟ.

"ಮಾಡು ಅಕ್ಕ" ಎಂದ.

ಮರುದಿನ ಕರಿದೆ. ಹಿತು ಹಾಲ್‌ನಲ್ಲಿ ನೆಲಕ್ಕೆ ಕೆನ್ನೆ ಕೊಟ್ಟು ಮಲಗಿದ್ದ. ತಾರಾನಾಥ ಅವನನ್ನು ಎತ್ತಿ ಅಡುಗೆಮನೆಗೆ ತಂದು ಎದುರು ಕೂತ. ಬನ್ಸನ್ನು ತನ್ನ ಬಾಯಿಯ ಹತ್ತಿರ ಹಿಡಿದುಕೊಂಡು, "ಬನ್ ಅನ್ನು ಮಗಾ. ಬನ್" ಎಂದ. ಹಿತು ನೋಡಿದ. ಮೂಗಿಗೆ ಪರಿಮಳ ಬಂದದ್ದು ಕಾಣುತ್ತಿತ್ತು. "ಒಂದೇ ಸಲ ಅನ್ನು. ಎಲ್ಲ ನಿನಗೇ. ಬನ್. ಬ..." ಹಿತು ಕೈ ಚಾಚಲಿಲ್ಲ, ಅಳಲಿಲ್ಲ, ಹಟ ಮಾಡಲಿಲ್ಲ. ಬೇರೆ ಯಾರದೋ ತಟ್ಟೆಯನ್ನು ನೋಡುವ ಹಾಗೆ ನೋಡಿ ತಲೆ ತಿರುಗಿಸಿದ.

"ಸಾಕು, ಕೊಟ್ಬಿಡಿ" ಎಂದಳು ಅಶ್ಮಿತಾ. "ತಿನ್ಲಿ ಅವನು."

ತಾರಾನಾಥ ಅವನ ಕೈಯಲ್ಲಿಟ್ಟ. ಹಿತು ಒಂದೇ ಉಸಿರಿಗೆ ತಿಂದ, ಸೀದಾ ಬಾಲ್ಕನಿಗೆ ಹೋದ. ನನ್ನ ತಮ್ಮ ಅಲ್ಲೇ ನೆಲದ ಮೇಲೆ, ಎಣ್ಣೆಯಾದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಕೂತಿದ್ದ.

"ನನ್ನಿಂದಲೇ ಹೋಯ್ತಾ ಅವನ ಮಾತು?" ಎಂದ. ನನ್ನನ್ನು ಕೇಳಿದನೋ ಅವಳನ್ನೋ ಗೊತ್ತಿಲ್ಲ.

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಎಷ್ಟೋ ತಿಂಗಳಿಂದ ಸಿದ್ಧವಿತ್ತು.

"ಇಲ್ಲ. ನಿಮ್ಮಿಂದ ಅಲ್ಲ" ಎಂದಳು ಅಶ್ಮಿತಾ.

ಅವಳು ಅದನ್ನು ಹೇಳಲು ಒಂದು ಗಳಿಗೆಯೂ ತೆಗೆದುಕೊಳ್ಳಲಿಲ್ಲ. ಒಲೆ ಆರಿಸಿದಳು, ಬಾಣಲೆಗೆ ಮುಚ್ಚಳ ಹಾಕಿದಳು. ಆಮೇಲೆ ನಮ್ಮ ಕಡೆಗೆ ಬೆನ್ನು ಹಾಕಿಕೊಂಡೇ ಹೇಳಿದಳು.

"ನನಗೂ ಒಮ್ಮೆ ಹಾಗೆ ಹೇಳ್ಬಹುದಿತ್ತಲ್ವಾ ನೀವು."

ತಾರಾನಾಥ ತಲೆ ಎತ್ತಲಿಲ್ಲ. ನಾನು ಏನಾದರೂ ಹೇಳಬೇಕಿತ್ತು, ಊರಿಗೆಲ್ಲ ಹೇಳುವವಳು. ಹಿತು ಬಾಲ್ಕನಿಯಿಂದ ಬಂದು, ನಮ್ಮ ನಡುವೆ ದಾರಿ ಮಾಡಿಕೊಂಡು, ಯಾರನ್ನೂ ಕೇಳದೆ ತಟ್ಟೆಯಿಂದ ಇನ್ನೊಂದು ಬನ್ಸ್ ತೆಗೆದುಕೊಂಡು ಹೋದ.