ಕೂಗು ಕೇಳದ ಮನೆ

ಬೇಗೂರಿನ ಆ ಬೀದಿಯಲ್ಲಿ ಒಬ್ಬರ ಮನೆಗೆ ಬಂದವರು ಒಬ್ಬರಿಗೇ ಸೇರಿದವರಲ್ಲ. ಚಾಮರಾಜನಗರದಿಂದ ಬಂದ ಹುಡುಗಿ ಈರಮ್ಮನ ಜಗಲಿಯ ಮೇಲೆ ಕೂತು ಬ್ಯಾಗಿನ ಜಿಪ್ ಎಳೆಯುವಷ್ಟರಲ್ಲಿ ಎದುರುಮನೆಯವರು, ಪಕ್ಕದ ಮನೆಯವರು, ಅಂಗಡಿಗೆಂದು ಹೊರಟು ಅಂಗಡಿಯನ್ನೇ ಮರೆತವರು, ಎಲ್ಲರೂ ಬಂದು ಸುತ್ತ ನಿಂತಿದ್ದರು. ಹುಡುಗಿಯ ಹೆಸರು ಮಧುಶ್ರೀ. ಕೊರೋನಾ ಕಾಲದಲ್ಲಿ ಮನೆಯೊಳಗೆ ಒಂಟಿಯಾಗಿ ಇರಬೇಕಾಗಿ ಬಂದವರ ಮನಸ್ಸಿಗೆ ಏನಾಯಿತು, ಈಗ ಹೇಗಿದೆ ಎಂದು ಅವಳ ಕಾಲೇಜಿನವರು ಅಧ್ಯಯನ ಮಾಡುತ್ತಿದ್ದರು. ಈರಮ್ಮ ಫೋನಿನಲ್ಲೇ ಒಪ್ಪಿಕೊಂಡಿದ್ದಳು. ಯಾಕೆ ಒಪ್ಪಿದೆನೆಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಇಷ್ಟು ವರ್ಷಗಳಲ್ಲಿ ಆ ದಿನಗಳ ಬಗ್ಗೆ ಕೇಳಿದವರು ಒಬ್ಬರೂ ಇರಲಿಲ್ಲ, ಬಹುಶಃ ಅದಕ್ಕೇ ಇರಬೇಕು.

"ಆಗ ಒಂಟಿತನ ಅನಿಸ್ತಿತ್ತಾ ಅಮ್ಮ?" ಎಂದು ಮಧುಶ್ರೀ ಶುರು ಮಾಡಿದಳು.

"ಈರಮ್ಮಕ್ಕಂಗೆ ಯಾಕವ್ವ ಒಂಟಿತನ? ನಾವೆಲ್ಲ ಸತ್ತೋಗಿದ್ವಾ?" ಎಂದ ಎದುರುಮನೆಯ ಶಾಂತರಾಜು.

"ನಿದ್ದೆ ಬರ್ತಿತ್ತಾ?"

"ಚೆಂದಾಗಿ ಬತ್ತಿತ್ತು ಬುಡಿ," ಎಂದಳು ಪಕ್ಕದ ಮನೆಯವಳು.

ಈರಮ್ಮನಿಗೆ ಬಾಯಿ ತೆರೆಯುವ ಕೆಲಸವೇ ಇರಲಿಲ್ಲ. ಆಗ ಅವಳ ಬಾಗಿಲ ಮುಂದೆ ಯಾರೂ ಸುಳಿಯಬಾರದೆಂದು ಅಡ್ಡಲಾಗಿ ಬಿದಿರಿನ ಗಳ ಕಟ್ಟಿದವನು ಇದೇ ಶಾಂತರಾಜು. ಕಟ್ಟಿ, ಗಂಟು ಬಿಗಿಯಾಗಿದೆಯೋ ಇಲ್ಲವೋ ಎಂದು ಎರಡು ಸಲ ಎಳೆದೂ ನೋಡಿದ್ದ. ಕೆಟ್ಟವನಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದವು, ಹೆದರಿದ್ದ. ಆದರೆ ಈಗ ನಿಂತು ಅವಳ ಒಂಟಿತನಕ್ಕೆ ಉತ್ತರ ಹೇಳುತ್ತಿದ್ದವನೂ ಅವನೇ.

ಮಧುಶ್ರೀ ಮೆಲ್ಲಗೆ, "ಇದನ್ನ ನೀವೊಬ್ಬರೇ ಇರುವಾಗ ಕೇಳಬೇಕು ಅಮ್ಮ. ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳೋಣ್ವಾ?" ಎಂದಳು.

"ಬಾಗ್ಲು ಆಕದು ಬ್ಯಾಡ ಕಣವ್ವ," ಎಂದು ಈರಮ್ಮ ತಟ್ಟನೆ ಎದ್ದಳು. "ಇತ್ಲುಗೆ ಓಗನ ಬಾ."

ಜಗಲಿಯವರು ಮುಖ ಸಣ್ಣದು ಮಾಡಿಕೊಂಡು ಚದುರಿದರು.

ಹಿತ್ತಲಲ್ಲಿ ಒಂದು ನುಗ್ಗೆಮರ, ಒಂದು ಒಗೆಯುವ ಕಲ್ಲು, ಎದೆಮಟ್ಟದ ಒಂದು ಗೋಡೆ. ಗೋಡೆಯ ಆಚೆಗೆ ಈರಮ್ಮನ ಮೈದುನ ಚಿಕ್ಕಮಾದುವಿನ ಮನೆ. ಅವನ ಹೆಂಡತಿ ಗುರುಮಲ್ಲಮ್ಮ ಅಲ್ಲಿ ಪಾತ್ರೆ ಉಜ್ಜುತ್ತಿದ್ದ ಸದ್ದು ಕೇಳುತ್ತಿತ್ತು. ವಾರಗಿತ್ತಿಯರಿಬ್ಬರೂ ಆ ಗೋಡೆಯ ಮೇಲಿಂದಲೇ ಹೆಪ್ಪಿಗೆ ಮಜ್ಜಿಗೆ, ಒಗ್ಗರಣೆಗೆ ಕರಿಬೇವು ಕೊಟ್ಟು ತೆಗೆದುಕೊಳ್ಳುವವರು. ಊರಿನ ಸುದ್ದಿಯೆಲ್ಲ ಅಲ್ಲೇ ಬಂದು ಅಲ್ಲೇ ಹೋಗುತ್ತಿತ್ತು. ಈರಮ್ಮನ ಗಂಡ ಮಹದೇವಯ್ಯನ ಸಾವೊಂದು ಮಾತ್ರ ನಾಲ್ಕು ವರ್ಷದಲ್ಲಿ ಒಮ್ಮೆಯೂ ಆ ಗೋಡೆ ದಾಟಿರಲಿಲ್ಲ.

ಮಧುಶ್ರೀ ಒಗೆಯುವ ಕಲ್ಲಿನ ಮೇಲೆ ಕೂತು ಒಂದೊಂದೇ ಕೇಳಿದಳು. ಊಟ ಸೇರುತ್ತಿತ್ತೇ, ಕೈಕಾಲು ನಡುಗುತ್ತಿತ್ತೇ, ಬದುಕು ಬೇಡ ಅನಿಸುತ್ತಿತ್ತೇ. ಈರಮ್ಮ ಎಲ್ಲಕ್ಕೂ, "ಪರ್ವಾಗಿಲ್ಲ ಕಣವ್ವ, ಎಂಗೋ ಆಯ್ತು," ಎನ್ನುತ್ತಿದ್ದಳು. ಕಷ್ಟ ಕೇಳಿದವರ ಮೇಲೆ ಕಷ್ಟ ಹೊರಿಸಬಾರದು ಎಂಬುದು ಅವಳು ಬೆಳೆದ ರೀತಿ.

"ಆ ದಿನಗಳಲ್ಲಿ ಅಳು ಬರ್ತಿತ್ತಾ ಅಮ್ಮ?"

"ಇಲ್ಲ ಕಣವ್ವ. ಅಳ್ನಿಲ್ಲ."

"ಆಮೇಲೆ?"

"ಇಲ್ಲಿಗಂಟ್ಲೂ ಅತ್ತಿಲ್ಲ."

"ಒಳ್ಳೇದು," ಎಂದು ಮಧುಶ್ರೀ ಮುಂದಿನ ಪ್ರಶ್ನೆಗೆ ಹೊರಟಳು.

ಆ ಒಂದು ಮಾತು ಈರಮ್ಮನನ್ನು ಚುಚ್ಚಿತು. "ಒಳ್ಳೇದಲ್ಲ ಕಣವ್ವ," ಎಂದಳು. "ಅದ್ರಲ್ಲಿ ಏನೂ ಒಳ್ಳೇದಿಲ್ಲ. ಗಂಡ ಸತ್ರೂ ಒಂದು ತೊಟ್ಟು ಕಣ್ಣೀರು ಆಕ್ನಿಲ್ಲ, ಕಲ್ಲೆದೆಯೋಳು ಅಂತ ಈ ಬೀದೀನೇ ಮಾತಾಡ್ಕತದೆ. ಬ್ಯಾರೆ ಸಾವಿನ್ ಮನೇಗೆ ಓಗದೂ ಬುಟ್ಬುಟ್ಟೆ ನಾನು. ಓಗಿ ಕುಂತ್ರೆ ನನ್ ಕಣ್ಣನ್ನೇ ನೋಡ್ತರೆ."

ಮಧುಶ್ರೀ ಕೈಯಲ್ಲಿದ್ದ ಪ್ರಶ್ನೆಗಳ ಹಾಳೆಯನ್ನು ಪಕ್ಕಕ್ಕಿಟ್ಟಳು. "ತಪ್ಪಾಯ್ತಮ್ಮ. ಹೇಳಿ," ಎಂದಳು.

ಆ ಬೀದಿಯಲ್ಲಿ ಸಾವಿಗೊಂದು ಕ್ರಮವಿದೆ. ಹೆಣವನ್ನು ತಂದು ನಡುಮನೆಯಲ್ಲಿ ಮಲಗಿಸಿದ ಮೇಲೆಯೇ ಮನೆಯ ಹೆಂಗಸು ಕೂಗು ಹಾಕಬೇಕು. ಕಣ್ಣಾರೆ ಕಾಣದೆ ಕೂಗಿದರೆ ಬದುಕಿರುವವನನ್ನು ಸಾಯಲು ಕರೆದಂತೆ ಎಂದು ಹೆದರುತ್ತಾರೆ. ಆ ಕೂಗು ಕೇಳಿದ ಮೇಲೆಯೇ ಬೀದಿಯ ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ಓಡಿಬರುತ್ತಾರೆ, ತಬ್ಬಿಕೊಳ್ಳುತ್ತಾರೆ, ಜೊತೆಗೆ ಅಳುತ್ತಾರೆ. ಕೂಗು ಏಳದ ಮನೆಗೆ ಸಾವು ಕೇಳಲು ಹೋಗುವಂತಿಲ್ಲ, ಅದೂ ಅಪಶಕುನವೇ. ಹುಟ್ಟಿದಾಗಿನಿಂದ ನಡೆದುಬಂದದ್ದು, ಯಾರೂ ಯಾರಿಗೂ ಹೇಳಿಕೊಟ್ಟಿದ್ದಲ್ಲ.

"ಗುಂಡ್ಲುಪೇಟೆಯಿಂದ ಆಂಬುಲೆನ್ಸ್ ಬಂದು ಅವ್ರನ್ನ ಕರ್ಕಂಡೋಯ್ತು," ಎಂದಳು ಈರಮ್ಮ. "ನಂಗೂ ಇತ್ತು ಕಾಯ್ಲೆ, ಅಂಗೇ ಮನೇಲಿ ಕೂರ್ಸುದ್ರು. ಒಂದಿನ ಬೆಳಿಗ್ಗೆ ಚಾಮರಾಜನಗರದ ಆಸ್ಪತ್ರೆಯಿಂದ ಫೋನು ಬಂತು. ಎಣ ಬತ್ತದೆ ಅಂತ ನಾನು ನಡುಮನೆ ಗುಡಿಸ್ದೆ, ಸಾರಿಸ್ದೆ, ಜಾಗ ಮಾಡಿ ಕುಂತ್ಕಂಡೆ. ಮದ್ಯಾನ ಆಯ್ತು. ಹೊತ್ತು ಮುಳುಗ್ತು. ಆಮೇಲೆ ನಮ್ ಮೈದ್ನ ಫೋನು ಮಾಡಿ, 'ಅತ್ತಿಗೆ, ಅಲ್ಲೇ ಮಣ್ಣು ಮಾಡ್ಬುಟ್ರು, ನಂಗೂ ಅತ್ರ ಬುಡ್ನಿಲ್ಲ' ಅಂದ. ಎಣ ಮುಂದಿಲ್ದೆ ಎಂಗವ್ವ ಕೂಗ್ಲಿ? ಚಂದಕವಾಡಿಯಿಂದ ಮಗ್ಳು ಫೋನಲ್ಲಿ ಗೊಳೋ ಅಂತಿದ್ಲು, ಅಸಿ ಬಾಣಂತಿ. ಅಳ್ಬ್ಯಾಡ ಕಣಮ್ಮಿ, ಮಗ ಎದುರ್ಕತದೆ ಅಂತ ಅವ್ಳಿಗೆ ನಾನೇ ಸಮಾದಾನ ಮಾಡ್ದೆ."

"ಆಮೇಲಾದ್ರೂ ಅಳಬಹುದಿತ್ತಲ್ಲಮ್ಮ."

"ಕೂಗದು ಯಾಕವ್ವ? ಜನ ಬರ್ಲಿ ಅಂತ. ಬರ್ಬ್ಯಾಡಿ ಅಂತ ಬಾಗ್ಲಿಗೆ ಗಳ ಕಟ್ಟವ್ರೆ. ಯಾರ್ ಬರ್ಲಿ ಅಂತ ಕೂಗ್ಲಿ?"

ಆಗಲೇ ಈರಮ್ಮನಿಗೆ ತಿಳಿದದ್ದು, ಗೋಡೆಯಾಚೆ ಪಾತ್ರೆ ಉಜ್ಜುವ ಸದ್ದು ನಿಂತಿದೆ.

ದನಿ ತಗ್ಗಿಸಬಹುದಿತ್ತು, ಬೇರೆ ಮಾತಿಗೆ ಹೊರಳಬಹುದಿತ್ತು. ನಾಳೆ ಬೆಳಗಾದರೆ ಇದೇ ಗೋಡೆ, ಇದೇ ಗುರುಮಲ್ಲಮ್ಮ. ಇರುವ ಒಬ್ಬ ವಾರಗಿತ್ತಿಯನ್ನೂ ಕಳೆದುಕೊಂಡರೆ ಇನ್ನು ಮಾತಾಡಲು ಗೋಡೆಯೇ ಗತಿ. ಆದರೆ ಇವತ್ತು ನುಂಗಿದರೆ ಸಾಯುವವರೆಗೂ ನುಂಗಬೇಕು ಎಂಬುದೂ ಅವಳಿಗೆ ಅಷ್ಟೇ ಸ್ಪಷ್ಟವಾಗಿತ್ತು. ಈರಮ್ಮ ಗೋಡೆಯ ಕಡೆಗೇ ತಿರುಗಿ, ದನಿಯನ್ನು ಏರಿಸಿಯೇ ಹೇಳಿದಳು.

"ಬೀದಿಯೋರು ಬರ್ದಿದ್ರೆ ಓಗ್ಲಿ. ಆಚೆ ಮನೇಲಿ ನನ್ ವಾರಗಿತ್ತಿ ಇದ್ಲು. ನಾನು ಮದ್ವೆ ಮಾಡಿ ಮನೆ ತುಂಬುಸ್ಕಂಡೋಳು. ಮುಟ್ಟದು ಬ್ಯಾಡ, ಗ್ವಾಡೆ ಅತ್ರ ನಿಂತ್ಕಂಡು ಒಂದ್ಸಲ 'ಅಕ್ಕಾ' ಅಂದಿದ್ರೆ ಸಾಕಿತ್ತು ಕಣವ್ವ. ನಾನು ಅತ್ಬುಡ್ತಿದ್ದೆ."

ಗೋಡೆಯಾಚೆ ಒಂದು ಪಾತ್ರೆ ನೆಲಕ್ಕೆ ಬಿತ್ತು. ಹೆಜ್ಜೆಗಳು ಒಳಗೆ ಹೋದವು. ಬಾಗಿಲು ಬಡಿದುಕೊಂಡಿತು.

"ಆಯ್ತಲ್ಲ," ಎಂದಳು ಈರಮ್ಮ. ತಾನೇ ಕೈಯಾರೆ ಕೆಡಿಸಿಕೊಂಡೆನೆಂದು ಅವಳಿಗೆ ಅನಿಸಿತು. ಮಧುಶ್ರೀ ಹತ್ತಿರ ಬಂದು, "ಇಲ್ಲಿಗೇ ನಿಲ್ಲಿಸೋಣ ಅಮ್ಮ, ಸಾಕು," ಎಂದಳು. ಈರಮ್ಮ ನುಗ್ಗೆಮರಕ್ಕೆ ಕೈ ಕೊಟ್ಟು ನಿಂತಳು.

ಅಷ್ಟರಲ್ಲಿ ಬೀದಿಯ ಕಡೆಯಿಂದ ಕೂಗು ಎದ್ದಿತು.

ಸಾವಿನ ಕೂಗು. ಒಂದು ಸಲ ಕೇಳಿದವರಿಗೆ ಅದು ಏನೆಂದು ಯಾರೂ ಹೇಳಬೇಕಾಗಿಲ್ಲ. ಈರಮ್ಮ ನಡುಮನೆಗೆ ಬರುವ ಹೊತ್ತಿಗೆ ಮುಂಬಾಗಿಲಲ್ಲಿ ಗುರುಮಲ್ಲಮ್ಮ ಇದ್ದಳು. ಗೋಡೆಯ ಮೇಲಿಂದ ಮಾತಾಡದೆ ಬೀದಿ ಸುತ್ತಿ, ಸಾವಿನ ಮನೆಗೆ ಬರುವವರಂತೆಯೇ ತಲೆತುಂಬ ಸೆರಗು ಹೊದ್ದು ಬಂದಿದ್ದಳು. ಕೈಗಳಲ್ಲಿ ಇನ್ನೂ ಪಾತ್ರೆ ಉಜ್ಜಿದ ಬೂದಿ ಮೆತ್ತಿಕೊಂಡಿತ್ತು.

"ಅಯ್ಯೋ ನನ್ ಭಾವಾ! ಕೇಳೋರಿಲ್ದಂಗೆ ಓಗ್ಬುಟ್ರಲ್ಲೋ!"

ಬೀದಿಯ ಬಾಗಿಲುಗಳೆಲ್ಲ ತೆರೆದವು. ಶಾಂತರಾಜು ಉಣ್ಣುತ್ತಿದ್ದ ಎಂಜಲು ಕೈಯಲ್ಲೇ ಓಡಿಬಂದ.

"ಯಾರು? ಯಾರೋದ್ರು?"

ಗುರುಮಲ್ಲಮ್ಮ ಹೊಸಿಲ ಮೇಲೆ ನಿಂತು ತಿರುಗಿದಳು. "ನಮ್ ಭಾವ ಓದ್ರು ಕಣಣ್ಣ ಶಾಂತರಾಜಣ್ಣ! ಮಾದೇವಯ್ಯ ಓದ್ರು! ಬನ್ನಿ, ಈಗ್ಲಾದ್ರೂ ಬನ್ನಿ!"

ಯಾರೂ ಅವಳಿಗೆ ತಲೆ ಕೆಟ್ಟಿದೆ ಎನ್ನಲಿಲ್ಲ. ಶಾಂತರಾಜು ತಲೆ ತಗ್ಗಿಸಿದ.

ಗುರುಮಲ್ಲಮ್ಮ ಒಳಗೆ ಬಂದು ಈರಮ್ಮನನ್ನು ಅಪ್ಪಿ ಹಿಡಿದಳು. "ನೀನು ಕೂಗ್ನಿಲ್ಲ ಅಂತ ನೆಪ ಮಾಡ್ಕಂಡೆ ಅಕ್ಕ. ಗ್ವಾಡೆ ಅತ್ರನೇ ನಿಂತಿದ್ದೆ ನಾನು. ಸಂಜೆಗಂಟ ನಿಂತಿದ್ದೆ. ನಂಗೂ ಪ್ರಾಣದ್ ಆಸೆ, ಬಾಯ್ ಬರ್ನಿಲ್ಲ. ಇನ್ಯಾರ್ನೂ ಕಾಯ್ಬ್ಯಾಡ. ಕೂಗು. ನಾನು ಬಂದಿವ್ನಿ, ಕೂಗು."

ಈರಮ್ಮ ಬಾಯಿ ತೆರೆದಳು. ಮೊದಲು ಬರೀ ಗಾಳಿ ಬಂತು. ಅವಳಿಗೆ ಭಯವಾಯಿತು, ಒಣಗಿಯೇ ಹೋಯಿತೇನೋ ಎಂದು. ಆಮೇಲೆ ಎಲ್ಲಿಂದಲೋ ಕಿತ್ತುಕೊಂಡು ಬಂತು. ಗಂಡನ ಹೆಸರನ್ನು ಎಂದೂ ಬಾಯಲ್ಲಿ ಹೇಳಿರದ ಹೆಂಗಸು ಹೆಸರು ಹಿಡಿದೇ ಕೂಗಿದಳು. ಬೀದಿಯ ಹೆಂಗಸರು ಒಬ್ಬೊಬ್ಬರಾಗಿ ಸೆರಗು ಹೊದ್ದು ಒಳಗೆ ಬಂದರು. ಚಾಮರಾಜನಗರದ ಹುಡುಗಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕೊನೆಗೆ ಅವರ ಮಧ್ಯೆಯೇ ಕೂತಳು.

ಎಲ್ಲರಿಗಿಂತ ಕೊನೆಗೆ ಬಂದವನು ಶಾಂತರಾಜು. ಕೈ ತೊಳೆದುಕೊಂಡು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಅವಳ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಸಾವಿನ ಮನೆಯಲ್ಲಿ ಎಲ್ಲರೂ ಕೇಳುವುದನ್ನೇ ಕೇಳಿದ.

"ಎಂಗಾಯ್ತು ಅಕ್ಕ?"

ಈರಮ್ಮ ಕಣ್ಣು ಒರೆಸಿಕೊಂಡಳು. "ಬೆಳಿಗ್ಗೆ ಫೋನು ಬಂತು ಕಣಪ್ಪ," ಎಂದು ಶುರು ಮಾಡಿದಳು. ಅವಳು ಹೇಳಿ ಮುಗಿಸುವವರೆಗೆ ಯಾರೂ ನಡುವೆ ಬಾಯಿ ಹಾಕಲಿಲ್ಲ.