ಕೆರೂರು ರಸ್ತೆಯ ಕೆರಿಬಿಯನ್ ಬಿಸಿಲು

ಇಳಕಲ್ಲಿನ ಆರಿಫಾ ಮೂರನೇ ಸಲ ಫೋನು ಮಾಡಿದಾಗ ಮಯೂರಿ ರೆಸಾರ್ಟಿನ ಕೌಂಟರಿನ ಹಿಂದೆ ನಿಂತು, ಕಿತ್ತುಬಿದ್ದ ಪ್ಲಾಸ್ಟಿಕ್ ತೆಂಗಿನ ಗರಿಯೊಂದನ್ನು ತಂತಿಯಿಂದ ಕಟ್ಟುತ್ತಿದ್ದಳು.

"ಅಕ್ಕಾರ, ನಾವು ಹದಿನೆಂಟು ಮಂದಿ ಹೆಣ್ಮಕ್ಕಳು ಬರ್ತೀವ್ರಿ. ಅಲ್ಲಿ ಏನೇನ್ ಇರ್ತೈತಿ ಇನ್ನೊಮ್ಮೆ ಹೇಳ್ರಿ. ನಮ್ಮ ಬಾನುಬಿ ಖಾಲಾ ಕೇಳಾಕತ್ತಾರ."

ಮಯೂರಿಗೆ ಅದು ಬಾಯಿಪಾಠವಾಗಿತ್ತು. "ಮುಂಜಾನೆ ಹನ್ನೊಂದರಿಂದ ಸಂಜಿ ಐದರ ತನಕ ಕೆರಿಬಿಯನ್ ಪಾರ್ಟಿ ಇರ್ತದರಿ. ಸಮುದ್ರದ ದಂಡಿ ಇದ್ದಂಗ ಉಸುಕು ಹಾಕ್ಯಾರ. ನೀರಾಗ ಕಾಲು ಬಿಟ್ಕೊಂಡು ಕೂಡಬಹುದು. ಹಾಡು, ಕುಣಿತ, ಊಟ, ಎಳನೀರು, ಎಲ್ಲಾ ಅದ."

"ಕೋಳಿ ಹಲಾಲ್ ಹೌದಲ್ರಿ? ಮತ್ತ ನಮ್ಮ ಶೀಲಾ ಕೋಳಿ ಮುಟ್ಟಂಗಿಲ್ಲ."

"ಹಲಾಲ್ ಅದರಿ. ಅವರಿಗೆ ಬ್ಯಾರೆ ಒಲಿಮ್ಯಾಲೆ ಮಾಡ್ತಾರ."

"ನೆರಳು ಐತೇನ್ರಿ?"

ಮಯೂರಿ ತಂತಿಯನ್ನು ಇನ್ನೊಂದು ಸುತ್ತು ಸುತ್ತಿದಳು. "ಶನಿವಾರದೊಳಗ ಹಾಕಸ್ತಾರ್ರಿ," ಎಂದಳು. ಹದಿನೆಂಟು ಮಂದಿ ಕೈತಪ್ಪಬಾರದೆಂದು ಮಾಲೀಕ ಶಿವಪ್ರಕಾಶ ಅಂದು ಬೆಳಿಗ್ಗೆ ಹಾಗೆಂದೇ ಹೇಳಿದ್ದ.

ಬಾಗಲಕೋಟೆಯ ನವನಗರದ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷ ಸಮಾಜ ವಿಜ್ಞಾನ ಕಲಿಸಿದ್ದವಳು ಮಯೂರಿ. ಶಾಲೆ ಮುಚ್ಚಿದ ಮೇಲೆ ಈ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಕೆರೂರಿನಿಂದ ಬಾಗಲಕೋಟೆಯ ಕಡೆಗೆ ಏಳು ಕಿಲೋಮೀಟರು ಬಂದರೆ ರಸ್ತೆಯ ಬಲಕ್ಕೆ ಶಿವಪ್ರಕಾಶನ ನಾಲ್ಕು ಎಕರೆ. ಹಿಂದಿನ ವರ್ಷದವರೆಗೆ ಅಲ್ಲಿ ಕಡಲೆ ಬೆಳೆಯುತ್ತಿತ್ತು. ಗೋವೆಗೆ ಹೋಗಿ ಬಂದವನೇ ಅವನು ಹೊಲದ ನಡುವೆ ದೊಡ್ಡ ಹೊಂಡ ತೋಡಿಸಿ, ನೀಲಿ ತಾಡಪತ್ರಿ ಹಾಸಿ ನೀರು ತುಂಬಿಸಿ, ಸುತ್ತ ಲಾರಿಗಟ್ಟಲೆ ಉಸುಕು ಸುರುವಿಸಿದ್ದ. ಒಂದು ಬದಿಗೆ ತನ್ನ ಗೆಸ್ಟುಗಳಿಗೆಂದೇ ಎಸಿ ಹಾಲ್ ಕಟ್ಟಿಸಿದ್ದ.

ನೆರಳಿನ ಬಲೆ ಹಾಕಿಸಿರೆಂದು ಮಯೂರಿ ಮಾರ್ಚ್ ತಿಂಗಳಿನಿಂದ ಹೇಳುತ್ತಲೇ ಇದ್ದಳು. ಮೊದಲು ಬರೆದು ಕೊಟ್ಟಳು. ಆಮೇಲೆ ಫೋನಿನಲ್ಲಿ ನೆನಪಿಸಿದಳು. ಕಡೆಗೆ ಎದುರಿಗೇ ನಿಂತು ಕೇಳಿದಳು.

"ಕೆರಿಬಿಯನ್ ಅಂದ್ರ ಮಂದಿ ಬಿಸಿಲಿಗೇ ಹೋಗ್ತಾರ್ರಿ ಮೇಡಂ," ಎಂದು ಶಿವಪ್ರಕಾಶ ನಕ್ಕಿದ್ದ. "ಹಸರು ಬಲಿ ಕಟ್ಟಿದ್ರ ಫೋಟೋದಾಗ ಸಸಿ ಮಾರೋ ನರ್ಸರಿ ಕಂಡಂಗ ಕಾಣ್ತೈತಿ."

ಬರುವವರಿಗೆ ಕಳಿಸುವ ವಾಟ್ಸಾಪ್ ಸಂದೇಶದಲ್ಲಿ ಅವಳು 'ಛತ್ರಿ, ಟೊಪ್ಪಿಗೆ ತನ್ನಿ' ಎಂಬ ಸಾಲು ಸೇರಿಸಿದ್ದಳು. ಅವನು ಅದನ್ನೂ ತೆಗೆಸಿದ. "ಬರೂಕಿಂತ ಮೊದಲ ಮಂದಿನ್ನ ಹೆದರಸ್ತೀರೇನು?"

ಆ ಸಾಲನ್ನು ಅವಳೇ ಅಳಿಸಿದ್ದಳು. ಅಳಿಸಿದ್ದಕ್ಕೆ ತನ್ನ ಮೇಲೇ ಅವಳಿಗೆ ಸಿಟ್ಟಿತ್ತು.

ಶನಿವಾರ ಬಂದು ಹೋಯಿತು. ಬಲೆ ಬರಲಿಲ್ಲ. ಭಾನುವಾರ ಹನ್ನೊಂದಕ್ಕೆ ಎರಡು ಕ್ರೂಸರ್ ಗಾಡಿಗಳು ಗೇಟಿನೊಳಗೆ ಬಂದವು. ಎಲ್ಲರೂ ಇಳಕಲ್ಲಿನ ನೇಕಾರ ಹೆಂಗಸರು. ಮಗ್ಗಕ್ಕೆ ಒಂದು ದಿನ ರಜೆ ಕೊಟ್ಟು, ಚೆಂದದ ಸೀರೆಯುಟ್ಟು ಬಂದಿದ್ದರು. ಅವರಲ್ಲಿ ಹಿರಿಯಳು ಬಾನುಬಿ. ಅರವತ್ತೆರಡು ವರ್ಷ. ನಲವತ್ತು ವರ್ಷ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯ್ದವಳು.

"ಸಮುದ್ರ ನೋಡಿಲ್ಲವಾ ನಾ," ಎಂದು ಮಯೂರಿಯ ಕೈ ಹಿಡಿದಳು. "ಇದಾದ್ರೂ ನೋಡ್ತೀನಿ. ಕಾಲು ನೀರಾಗ ಬಿಟ್ಟು ತಾಸೊತ್ತು ಕೂಡಬೇಕಂತ ಬಂದೀನಿ."

ಉಸುಕಿನ ಮೇಲೆ ಚಪ್ಪಲಿ ಹಾಕಬಾರದೆಂಬುದು ಶಿವಪ್ರಕಾಶನ ನಿಯಮ. ಎಲ್ಲರೂ ಬಿಟ್ಟು ಇಳಿದರು. ನಾಲ್ಕು ಹೆಜ್ಜೆಗೇ ಮುಂದಿನವರು ಕುಣಿದಾಡತೊಡಗಿದರು. ಡೋಲಿನಂತೆ ಬಣ್ಣ ಬಳಿದ ಎಣ್ಣೆಯ ಬ್ಯಾರಲ್ಲಿನ ಹಿಂದಿದ್ದ ಡಿಜೆ ಅದನ್ನು ಡ್ಯಾನ್ಸ್ ಎಂದುಕೊಂಡು ಹಾಡಿನ ಸದ್ದು ಏರಿಸಿದ.

"ಸುಡತೈತ್ರೀ ಯವ್ವಾ!" ಎಂದು ಶೀಲಾ ಚೀರಿದಳು.

ಹಿಂದಿದ್ದವರು ತಿರುಗಿ ಓಡಿದರು. ಮಯೂರಿ ಚಪ್ಪಲಿಗಳನ್ನು ಎತ್ತಿಕೊಂಡು ಎದುರು ಓಡಿದಳು. ಬಾನುಬಿ ಮಾತ್ರ ನೀರಿನ ಆಸೆಗೆ ಹಲ್ಲು ಕಚ್ಚಿ ಮುಂದೆ ನಡೆದಿದ್ದಳು. ಹೊಂಡಕ್ಕೆ ಇನ್ನೂ ಹತ್ತು ಮಾರು ಇರುವಾಗ ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಅಲ್ಲೇ ಕುಸಿದು ಕುಳಿತಳು.

ಮಯೂರಿ ಮತ್ತು ಆರಿಫಾ ಅವಳನ್ನು ಎತ್ತಿಕೊಂಡೇ ಬಂದರು. ಮೈ ಕೆಂಡದಂತಿತ್ತು. ಮಯೂರಿ ಮಾಲೀಕನಿಗೆ ಫೋನು ಹಚ್ಚಿದಳು.

"ನೆರಳಿಗೆ ಕೂಡಸ್ರಿ," ಎಂದ ಶಿವಪ್ರಕಾಶ.

"ನೆರಳು ಎಲ್ಲಿ ಅದರೀ?"

"ಗೇಟಿನ ಹತ್ರ ಬೇವಿನ ಗಿಡ ಐತಲ್ಲ?"

"ಅದರ ಕೆಳಗ ನಾಲ್ಕು ಮಂದಿ ಹಿಡಿಯೂದಿಲ್ಲ. ಎಸಿ ಹಾಲ್ ತಗೀತೇನಿ."

"ಏ, ಎಸಿ ಹಾಲ್ ಮುಟ್ಟಬ್ಯಾಡ್ರಿ. ಎರಡಕ್ಕ ನಮ್ಮ ಗೆಸ್ಟ್ ಬರ್ತಾರ..."

ಅವಳು ಫೋನು ಕಟ್ ಮಾಡಿದಳು. ಕೀಲಿ ಕಾವಲುಗಾರ ಮುದಕಪ್ಪನ ಹತ್ತಿರವಿತ್ತು.

"ಬಾಯಾರ, ಸಾಹೇಬ್ರು ಬೈತಾರ್ರಿ," ಎಂದು ಅವನು ಹಿಂದೆ ಸರಿದ.

"ನನಗ ಬೈಲಿ. ತಗೀರಿ ನೀವು."

ಎಲ್ಲರನ್ನೂ ಒಳಗೆ ಕರೆದು, ತಂಪಾದ ಹಾಲ್‌ನಲ್ಲಿ ಬಾನುಬಿಯನ್ನು ಮಲಗಿಸಿ, ಅಂಗಾಲಿಗೆ ತಣ್ಣೀರು ಹಾಕಿ, ಹಣೆಗೂ ಕುತ್ತಿಗೆಗೂ ಒದ್ದೆ ಬಟ್ಟೆ ಒತ್ತಿದರು. ಕೆರೂರಿನಿಂದ ಡಾಕ್ಟರು ಬಂದು ನೋಡಿ, ಬಿಸಿಲಿನ ಝಳ, ಗಾಬರಿ ಬೇಡ, ಸಂಜೆಯ ತನಕ ಹೊರಗೆ ಬಿಡಬೇಡಿ ಎಂದು ಹೇಳಿ ಹೋದರು. ಉಪ್ಪು ಹಾಕಿದ ಮಜ್ಜಿಗೆ ಎರಡು ಲೋಟ ಕುಡಿದ ಮೇಲೆ ಬಾನುಬಿ ಎದ್ದು ಕುಳಿತು ಮಾತಾಡಿದಳು.

"ಕೆರಿಬಿಯನ್ ಅಂದ್ರ ಎಲ್ಲೈತಿ ಬೇಟಿ?"

ಮಯೂರಿ ಟೀಚರಾಗಿದ್ದ ದಿನಗಳ ದನಿಯಲ್ಲಿ ಹೇಳಿದಳು: "ಭಾಳ ದೂರ ಅದರಿ. ಸಮುದ್ರದ ನಡುವಿನ ನಡುಗಡ್ಡಿ. ಹಿಂದ ನಮ್ಮ ದೇಶದ ಮಂದಿನ್ನೂ ಹಡಗಿನ್ಯಾಗ ಒಯ್ದಿದ್ರು, ಕಬ್ಬಿನ ಹೊಲದಾಗ ದುಡೀಲಿಕ್ಕೆ."

"ಬಿಸಿಲಾಗ?"

"ಬಿಸಿಲಾಗನ."

"ಹಂಗಾರ ಅವರೂ ನೆರಳ ಹುಡುಕಿರಬೇಕು," ಎಂದಳು ಬಾನುಬಿ.

ಆರಿಫಾಗೆ ಮಾತ್ರ ಸಿಟ್ಟು ಇಳಿದಿರಲಿಲ್ಲ. "ಮೂರು ಸಲ ಫೋನ್ ಮಾಡಿದ್ನಿ ನಾನು. ನೆರಳು ಐತೇನು ಅಂತ ಕೇಳಿದ್ನಿ. ಭಾಳ ಚೊಲೋ ಮಾತಾಡಿದ್ರಿ ನೀವು," ಎಂದಳು.

ಮಾಲೀಕ ಹೇಳಿಸಿದ್ದು ಎಂದು ಮಯೂರಿ ಹೇಳಬಹುದಿತ್ತು. ಆದರೆ ಫೋನಿನ ಆ ದನಿ ತನ್ನದೇ ಆಗಿತ್ತು.

ಒಂದೂವರೆಗೆ ಶಿವಪ್ರಕಾಶ ಬಂದ. ಹೆಂಗಸರಿಗೆ ನಗುಮುಖದಿಂದ ಕೈಮುಗಿದು, ಮಯೂರಿಯನ್ನು ಹೊರಗೆ ಕರೆದ.

"ಯಾರನ್ನ ಕೇಳಿ ಹಾಲ್ ತಗದ್ರಿ?"

"ಯಾರನ್ನೂ ಕೇಳಲಿಲ್ಲ. ಕೇಳಿ ಕೇಳಿ ಸಾಕಾಗಿತ್ತು."

"ಒಬ್ಬಾಕಿಗೆ ಚಕ್ಕರ್ ಬಂದ್ರ ಹದಿನೆಂಟು ಮಂದಿನ್ನ ಒಳಗ ಕೂಡಸೋದೇನು?"

"ಉಳಿದವರಿಗೂ ಬರಲಿ ಅಂತ ಹಾದಿ ಕಾಯಬೇಕಾಗಿತ್ತೇನ್ರಿ? ನೆರಳು ಆಗ್ತದ ಅಂತ ಅವರಿಗೆ ನಾ ಹೇಳೇನಿ. ನಿಮ್ಮ ಮಾತು ನಂಬಿ ಹೇಳೇನಿ. ನಾಳಿಂದ ಬರೂದಿಲ್ಲ ನಾ."

"ಬಿಡ್ರಿ. ನಾಳಿಗೆ ಹತ್ತು ಮಂದಿ ಬರ್ತಾರ ಈ ಕೆಲಸಕ್ಕ," ಎಂದ ಅವನು. ಅದು ನಿಜವೆಂದು ಅವಳಿಗೂ ಗೊತ್ತಿತ್ತು.

ಅವನ ಗೆಸ್ಟುಗಳು ಬಂದು ಹಾಲ್‌ನ ಅರ್ಧ ಭಾಗದಲ್ಲಿ ಮುಖ ಗಂಟಿಕ್ಕಿ ಕುಳಿತರು. ಇಳಕಲ್ಲಿನವರು ಏಳಲಿಲ್ಲ. ಅಲ್ಲೇ ಊಟ ಮಾಡಿದರು, ಅಲ್ಲೇ ಒರಗಿದರು. ಐದಕ್ಕೆ ಹೊರಗೆ ಬಂದರೆ ಬಿಸಿಲು ಇಳಿದಿತ್ತು, ಉಸುಕಿನ ಕಾವು ಆರಿತ್ತು. ಇಡೀ ದಿನದಲ್ಲಿ ಆ ಜಾಗ ಕೂರುವಂತಾದದ್ದು ಆಗಲೇ. ಡಿಜೆ ವೈರು ಸುತ್ತುತ್ತಿದ್ದ. "ಟೈಮ್ ಆತ್ರಿ," ಎಂದು ಶಿವಪ್ರಕಾಶ ಗೇಟಿನ ಕಡೆ ಕೈ ತೋರಿಸಿದ.

ಮಯೂರಿ ಅವನತ್ತ ನೋಡಲೇ ಇಲ್ಲ. ಬಾನುಬಿಯ ತೋಳು ಹಿಡಿದು ಹೊಂಡದ ದಂಡೆಗೆ ನಡೆಸಿಕೊಂಡು ಹೋದಳು. ಮುದುಕಿ ಸೀರೆ ಎತ್ತಿ ಕಾಲು ಇಳಿಬಿಟ್ಟಳು. ನೀರು ಬೆಚ್ಚಗಿತ್ತು, ಪಾಚಿಯ ವಾಸನೆ ಹೊಡೆಯುತ್ತಿತ್ತು. "ಇಷ್ಟೇ ಏನು ಇದು?" ಎಂದು ಕೇಳಿದಳು. ಆದರೂ ಹತ್ತು ನಿಮಿಷ ಕುಳಿತಳು. ಶಿವಪ್ರಕಾಶ ಎರಡು ಸಲ ಗಡಿಯಾರ ನೋಡಿಕೊಂಡ. ಎಬ್ಬಿಸಲು ಯಾರೂ ಹೋಗಲಿಲ್ಲ.

ಕ್ರೂಸರ್‌ಗಳು ಬಾಗಲಕೋಟೆಯ ಮೇಲೆಯೇ ಹೋಗಬೇಕಿತ್ತು. "ಹತ್ತ ಬೇಟಿ," ಎಂದು ಬಾನುಬಿ ಕರೆದಳು. ಆರಿಫಾ ಸರಿದು ಜಾಗ ಮಾಡಿಕೊಟ್ಟಳು, ಆದರೆ ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡಿದಳು. ನವನಗರದಲ್ಲಿ ಇಳಿದ ಮಯೂರಿ ಬಾಗಿಲು ಹಿಡಿದು ನಿಂತಳು.

"ನಂದು ತಪ್ಪಾತ್ರಿ," ಎಂದಳು.

ಇರಲಿ ಬಿಡಿ ಎಂದು ಆರಿಫಾ ಹೇಳಲಿಲ್ಲ. "ಹುಷಾರಿಂದ ಹೋಗ್ರಿ," ಎಂದಷ್ಟೇ ಹೇಳಿ ಬಾಗಿಲು ಎಳೆದುಕೊಂಡಳು.