ಸುಮನಾಳ ಕೂಗು

ಆ ಕೂಗು ಸುಮನಾಳದಲ್ಲ.

ಓಂಕಾರೇಶ್ ಮತ್ತೆ ಕಿವಿಗೊಟ್ಟ. ಪಾರ್ಕಿನ ಗೋಡೆಯಾಚೆ ಕಬ್ಬಿಣದ ಬಂಡಿ ಗಡಗಡನೆ ಮೇಲೇರಿತು, ತುದಿಯಲ್ಲಿ ಒಂದು ಗಳಿಗೆ ನಿಂತಿತು, ಧಡಾರನೆ ಬಿತ್ತು. ಅದರೊಂದಿಗೆ ಹತ್ತಾರು ಗಂಟಲುಗಳು ಒಟ್ಟಿಗೇ ಕಿರುಚಿದವು. ಹೆಂಗಸರ ದನಿ ಯಾವುದೆಂದು ತಿಳಿಯುತ್ತಿತ್ತು. ಹೆಂಡತಿಯದು ಯಾವುದೆಂದು ತಿಳಿಯಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿದವಳು ಖುಷಿಯಿಂದ ಕೂಗಿದರೆ ಹೇಗೆ ಕೇಳಿಸುತ್ತದೆಂದು ತನಗೆ ಗೊತ್ತೇ ಇಲ್ಲವೆಂಬುದು ಆಗ ಹೊಳೆಯಿತು. ಹೊಳೆದದ್ದು ಹಿತವಾಗಲಿಲ್ಲ. ಎದ್ದು ಹುಣಸೆಮರದ ಕೆಳಗೆ ಹೋಗಿ ಕೂತ.

ಅವನನ್ನು ಯಾರೂ ಹೊರಗೆ ಬಿಟ್ಟು ಹೋಗಿರಲಿಲ್ಲ. ಬೆಳಿಗ್ಗೆ ಕೌಂಟರಿನಲ್ಲಿ ಷಡ್ಡಕ ಪ್ರಸನ್ನಕುಮಾರ್, ಹೆಂಡತಿಯ ತಂಗಿ ಹೇಮಾವತಿಯ ಗಂಡ, ಎರಡೂ ಮನೆಯವರನ್ನು ಲೆಕ್ಕ ಹಿಡಿದು ಹಣ ಕಟ್ಟಲು ಫೋನ್ ಚಾಚಿದ್ದ.

"ನಂಗೆ ಬೇಡ. ತಲೆನೋವು."

"ಒಳಗೆ ಎಲ್ಲಾದ್ರೂ ನೆರಳಲ್ಲಿ ಕೂತ್ಕೊಳ್ಳಿ ಅಣ್ಣಾ. ನಾನ್ ಕೊಡ್ತೀನಲ್ಲ."

ಆ 'ನಾನ್ ಕೊಡ್ತೀನಲ್ಲ' ಎಂಬುದೇ ತಲೆನೋವು. ಸುಮನಾ ಒಂದು ಸಲ 'ಬನ್ರೀ' ಎಂದಿದ್ದರೆ ಬಹುಶಃ ಹೋಗುತ್ತಿದ್ದ. ಅವಳು "ಮಾತ್ರೆ ತಗೊಳ್ರೀ" ಎಂದಳು. ಮಣಿಕಟ್ಟಿಗೆ ನೀಲಿ ಪಟ್ಟಿ ಹಾಕಿಸಿಕೊಂಡು ಮಗಳ ಕೈಹಿಡಿದು ಒಳಗೆ ಹೋದಳು. ತಿರುಗಿ ನೋಡಲಿಲ್ಲ.

ತರೀಕೆರೆಯ ಕಾಲೇಜಿನಲ್ಲಿ ಅವನು ಅರ್ಥಶಾಸ್ತ್ರ ಪಾಠ ಮಾಡುತ್ತಾನೆ. ಕಡೂರಿನಾಚೆ ಹೆದ್ದಾರಿ ಬದಿಯಲ್ಲಿ ಈ ಪಾರ್ಕು ಶುರುವಾದಾಗ ಟಿಕೆಟ್ಟು ಮುನ್ನೂರು. ಆಧಾರ್ ತೋರಿಸಿದ ಸುತ್ತಲ ಊರಿನವರಿಗೆ ಅದರಲ್ಲಿ ಅರ್ಧ. ಜನ ಬುತ್ತಿ ಕಟ್ಟಿಕೊಂಡು ಟ್ರ್ಯಾಕ್ಟರಿನಲ್ಲಿ ಬರುತ್ತಿದ್ದರು. ಸುಮನಾ ಕೇಳಿದ್ದು ಆಗ. "ಬರೀ ನೂಕುನುಗ್ಗಲು, ಮುಂದಿನ ವರ್ಷ ನೋಡೋಣ" ಎಂದಿದ್ದ. ಮುಂದಿನ ವರ್ಷ ರಿಯಾಯಿತಿ ಹೋಯಿತು. ಅದರ ಮುಂದಿನ ವರ್ಷ ಬುತ್ತಿಯನ್ನು ಗೇಟಿನಲ್ಲೇ ತಡೆದರು. ಈಗ ತಲೆಗೆ ಸಾವಿರದ ನಾನೂರು, ಭಾನುವಾರ ಇನ್ನೂ ಜಾಸ್ತಿ.

"ಬೆಲೆ ಏರಿದ್ರೆ ಜನ ಬರಲ್ಲ. ತಾವಾಗೇ ಇಳಿಸ್ತಾರೆ, ನೋಡ್ತಿರು" ಎಂದು ಹೆಂಡತಿಗೂ ಪಾಠ ಹೇಳಿದ್ದ. ಕರಿಹಲಗೆಯ ಮೇಲೆ ಅವನು ಎಳೆಯುವ ಬೇಡಿಕೆಯ ಗೆರೆ ಎಂದೂ ಕೈಕೊಟ್ಟಿರಲಿಲ್ಲ. ಜನ ಬರುವುದು ನಿಂತದ್ದು ನಿಜ, ಊರಿನ ಜನ. ಅವರ ಜಾಗದಲ್ಲಿ ಎಲ್ಲೆಲ್ಲಿಯದೋ ಕಾರುಗಳು ಬಂದು ತುಂಬಿದವು. ಹತ್ತನೇ ತರಗತಿಗೇ ಪುಸ್ತಕ ಮುಚ್ಚಿಟ್ಟು ಪಂಚನಹಳ್ಳಿಯಲ್ಲಿ ಕೊಬ್ಬರಿ ವ್ಯಾಪಾರಕ್ಕಿಳಿದ ಪ್ರಸನ್ನಕುಮಾರನಿಗೆ ಆ ಗೆರೆ ಗೊತ್ತಿರಲಿಲ್ಲ. ಅವನು ಸುಮ್ಮನೆ ಟಿಕೆಟ್ ತೆಗೆದ.

ಮಧ್ಯಾಹ್ನ ಟಿವಿಎಸ್ ಒಂದು ಬಂದು ನಿಂತಿತು. ಗಂಡ, ಹೆಂಡತಿ, ನಡುವೆ ಎರಡು ಮಕ್ಕಳು. ಗಂಡ ಕೌಂಟರಿನಲ್ಲಿ ವಿಚಾರಿಸಿ ಹಿಂದಿರುಗಿದ.

"ಎಷ್ಟಂತೆ?"

"ನಡೀರಿ, ಡೈನೋಸಾರ್ ಹತ್ರ ಫೋಟೋ ತೆಗ್ಸ್ಕಳಣ."

ಗೇಟಿನ ಹೊರಗೆ ಬಾಯಿ ಕಿಸಿದು ನಿಂತ ಸಿಮೆಂಟಿನ ಡೈನೋಸಾರಿಗೆ ಟಿಕೆಟ್ ಇರಲಿಲ್ಲ. ಆ ಮನುಷ್ಯ ಓಂಕಾರೇಶನ ಕೈಗೆ ಫೋನ್ ಕೊಟ್ಟ. "ಸಾರ್, ಒಂದ್ ಫೋಟೋ ಹೊಡ್ಕೊಡಿ. ಅಜ್ಜಂಪುರದಿಂದ ಬಂದಿದೀವಿ."

ಕೊಟ್ಟವನೇ ಹೋಗಿ ಡೈನೋಸಾರಿನ ಬಾಯೊಳಗೆ ತಲೆ ತೂರಿಸಿದ. ಹೆಂಡತಿ "ಥೂ, ಬನ್ರೀ ಈಚೆ!" ಎಂದು ಅವನ ಬೆನ್ನಿಗೆ ಗುದ್ದಿದಳು. ಗುದ್ದುತ್ತ ಗುದ್ದುತ್ತ ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಮಕ್ಕಳು ಕುಣಿದವು. ಫೋನಿನ ಚೌಕಟ್ಟಿನಲ್ಲಿ ಎಲ್ಲರೂ ಹಿಡಿಸಿದ್ದರು, ಯಾರೂ ಹೊರಗುಳಿದಿರಲಿಲ್ಲ.

ಓಂಕಾರೇಶನ ಹೊಟ್ಟೆ ಉರಿಯಿತು. ಒಳಗೆ ಹೋದವರನ್ನು ಕಂಡು ಉರಿದದ್ದು ಸರಿ, ಹೋಗಲಾಗದವರನ್ನು ಕಂಡೂ ಉರಿಯುವುದೆಂದರೆ! ಬೇಕೆಂದೇ ಕೈ ಅಲುಗಿಸಿ ಗುಂಡಿ ಒತ್ತಿದ.

"ಚೆನ್ನಾಗ್ ಬಂತಾ ಸಾರ್?"

"ಹೂಂ."

"ನಿಮ್ಮೋರು ಒಳಗವ್ರಾ?"

"ಇಲ್ಲ."

ಆ ಮನುಷ್ಯ ಫೋಟೋ ನೋಡದೆಯೇ ಫೋನನ್ನು ಜೇಬಿಗಿಳಿಸಿ ಗಾಡಿ ಹತ್ತಿದ. ಆ ನಗು ರಸ್ತೆಯ ತಿರುವಿನ ತನಕ ಕೇಳುತ್ತಿತ್ತು.

ಸಂಜೆ ಅವರು ಹೊರಬಂದರು. ಸುಮನಾ ತಂಗಿಯ ಚೂಡಿದಾರ ಹಾಕಿದ್ದಳು. ಒದ್ದೆ ಕೂದಲು ಬೆನ್ನ ಮೇಲೆ ಹರಡಿತ್ತು. ಏನೋ ನೆನೆಸಿಕೊಂಡು ನಗುತ್ತ ಬಂದವಳು ಹುಣಸೆಮರದ ಕಡೆ ಕಣ್ಣು ಬಿದ್ದ ಕೂಡಲೇ ಕೂದಲು ಒಟ್ಟುಮಾಡಿ ಗಂಟುಹಾಕಿದಳು.

"ಅಣ್ಣಾ, ಅತ್ತಿಗೇನ ನೋಡ್ಬೇಕಿತ್ತು ನೀವು! ಏನ್ ಕಿರುಚಿದ್ರು ಅಂತೀರಿ! ನನ್ ಕಿವಿ ಇನ್ನೂ ಗುಂಯ್ ಅಂತೈತೆ" ಎಂದ ಪ್ರಸನ್ನಕುಮಾರ್. ಬಂಡಿ ಬೀಳುವಾಗ ಅಲ್ಲಿಯವರೇ ತೆಗೆದ ಫೋಟೋವನ್ನು ಕೊಂಡು ತಂದಿದ್ದ.

ಫೋಟೋದಲ್ಲಿ ಒಬ್ಬ ಹೆಂಗಸು. ಕೂದಲು ಮೇಲಕ್ಕೆ ಹಾರಿದೆ, ಕಣ್ಣು ಮುಚ್ಚಿದೆ, ಬಾಯಿ ಪೂರ್ತಿ ತೆರೆದಿದೆ, ಎರಡೂ ಕೈ ಪಕ್ಕದವನ ತೋಳನ್ನು ಬಿಗಿಯಾಗಿ ಹಿಡಿದಿವೆ. ಪಕ್ಕದವನು ಪ್ರಸನ್ನಕುಮಾರ್. ಹಿಂದಿನ ಸೀಟಿನಲ್ಲಿ ಹೇಮಾವತಿ, ಮಕ್ಕಳು. ಆ ಹೆಂಗಸು ಸುಮನಾ ಎಂದು ಗುರುತು ಹಿಡಿಯುವುದು ಓಂಕಾರೇಶನಿಗೆ ತಡವಾಯಿತು. ತೋಳು ಹಿಡಿದದ್ದನ್ನು ಹೇಗೋ ನುಂಗಿಕೊಳ್ಳಬಹುದಿತ್ತು. ಆ ಮುಖವನ್ನು ಆಗಲಿಲ್ಲ. ಅದನ್ನು ಅವಳು ಇಷ್ಟು ದಿನ ಎಲ್ಲಿಟ್ಟಿದ್ದಳು?

"ಹೆದರಿಕೆ ಆಯ್ತಾ?" ಎಂದು ಕೇಳಿದ.

ಸುಮನಾ ಬಾಯಿ ತೆರೆದಳು. ಬರೀ ಗಾಳಿ ಬಂತು. ಗಂಟಲು ಮುಟ್ಟಿಕೊಂಡು ತಲೆಯಾಡಿಸಿದಳು.

"ಅಕ್ಕಂಗೆ ದನೀನೇ ಹೊಂಟೋಗೈತೆ ಭಾವ" ಎಂದು ಹೇಮಾವತಿ ನಕ್ಕಳು. "ನಾಳೆಗೆ ಸರಿಹೋಯ್ತದೆ ಬಿಡಿ."

ಇದ್ದ ದನಿಯನ್ನೆಲ್ಲ ಒಳಗೇ ಸುರಿದು ಬಂದಿದ್ದಾಳೆ. ಅವನ ಪಾಲಿಗೆ ಒಂದು ಮಾತಿನಷ್ಟೂ ಉಳಿಸಿಲ್ಲ.

ಮಕ್ಕಳಿಗೆ ಅಮೃತಮಹಲ್ ದನ ತೋರಿಸುತ್ತೇನೆಂದು ಪ್ರಸನ್ನಕುಮಾರ್ ಕಾರನ್ನು ಎಮ್ಮೆದೊಡ್ಡಿ ಕಡೆಗೆ ತಿರುಗಿಸಿದ. "ಇದುಕ್ಕೆ ಟಿಕೆಟ್ ಇಲ್ಲ ಅಣ್ಣಾ, ನೀವೂ ಇಳೀಬೋದು" ಎಂದ. ತಮಾಷೆಗೇ ಅಂದದ್ದು. ಎಲ್ಲರೂ ನಕ್ಕರು. ಸುಮನಾಳ ಹೆಗಲುಗಳೂ ಕುಲುಕಿದವು, ಸದ್ದಿಲ್ಲದೆ.

ಓಂಕಾರೇಶ್ ಇಳಿದ. ಜಾಲಿಗಿಡಗಳನ್ನು ದಾಟಿ ದನ ಮೇಯುವ ಕಾವಲಿನ ಒಳಕ್ಕೆ ನಡೆದ. ಬೆಳಕು ಇಳಿಯುತ್ತಿತ್ತು. ಉದ್ದ ಕೊಂಬಿನ ದನಗಳು ಬಯಲ ತುಂಬ ಮೇಯುತ್ತಿದ್ದವು. ತಿರುಗಿ ನೋಡಿದ. ಕಾರಿನಲ್ಲಿ ಸುಮನಾ ಆ ಫೋಟೋವನ್ನು ಮಡಿಲಲ್ಲಿಟ್ಟುಕೊಂಡು ಬಗ್ಗಿ ನೋಡುತ್ತಿದ್ದಳು.

ಅವನು ಕಣ್ಣು ಮುಚ್ಚಿದ. ಅವಳು ತೆರೆದಷ್ಟೇ ಅಗಲ ಬಾಯಿ ತೆರೆದ. ಹೊಟ್ಟೆಯಿಂದ ಎದೆಗೆ, ಎದೆಯಿಂದ ಗಂಟಲಿಗೆ ಏನೋ ಏರಿತು, ಏರಿ ಅಲ್ಲೇ ನಿಂತಿತು. ಬೀಳಲಿಲ್ಲ.

ಕಣ್ಣು ಬಿಟ್ಟಾಗ ದನಗಳೆಲ್ಲ ತಲೆಯೆತ್ತಿ ಅವನನ್ನೇ ನೋಡುತ್ತಿದ್ದವು. ಎಲ್ಲ ಕೊಂಬುಗಳೂ ಅವನ ಕಡೆಗಿದ್ದವು. ಹಿಂದೆ ಕಾರಿನ ಹಾರ್ನ್ ಕೇಳಿತು, ಒಮ್ಮೆ, ಮತ್ತೊಮ್ಮೆ. ಅವನು ಬಾಯಿ ತೆರೆದೇ ನಿಂತಿದ್ದ. ಇದು ಕೂಗುವಂಥದ್ದಲ್ಲ ಎಂದು ಗೊತ್ತಾದ ಮೇಲೆ ದನಗಳು ಒಂದೊಂದಾಗಿ ತಲೆ ತಗ್ಗಿಸಿ, ಅವನ ಕಾಲಿನ ಸುತ್ತಲ ಹುಲ್ಲನ್ನು ಮೇಯತೊಡಗಿದವು.